ಹಾಸನದ ಕರಿಕಲ್ಲು, ಮಡಗಾಸ್ಕರಿನ ಅಗಲಿಕೆ: ಬಂಡೆಯ ವಯಸ್ಸು ಎಣಿಸುವ ಲೆಕ್ಕ

ಹಾಸನ ಜಿಲ್ಲೆಯ ಬಯಲು ಕಡೆಯ ತಾಲ್ಲೂಕುಗಳಲ್ಲಿ, ಅರಸೀಕೆರೆ–ಚನ್ನರಾಯಪಟ್ಟಣದ ತೆಂಗಿನ ತೋಟಗಳ ನಡುವೆ, ಅಲ್ಲಲ್ಲಿ ಕಪ್ಪು ಗುಂಡುಕಲ್ಲುಗಳ ಸಾಲೊಂದು ಹೊಲ, ಬದು, ರಸ್ತೆ ಯಾವುದನ್ನೂ ಲೆಕ್ಕಿಸದೆ ಗೆರೆ ಎಳೆದಂತೆ ಸಾಗಿರುತ್ತದೆ. ಸುತ್ತಲಿನ ಬಂಡೆಯೆಲ್ಲ ನೈಸ್ ಎಂಬ ಬೂದು–ಬಿಳಿ ಪಟ್ಟೆಯ ಕಲ್ಲು. ಈ ಸಾಲು ಮಾತ್ರ ಕಪ್ಪು. ಊರಿನವರಿಗೆ ಅದು ಕರಿಕಲ್ಲು. ಕ್ವಾರಿಯವರ ಬಿಲ್ಲಿನಲ್ಲಿ ‘ಬ್ಲ್ಯಾಕ್ ಗ್ರಾನೈಟ್’. ಗ್ರಾನೈಟಂತೂ ಖಂಡಿತ ಅಲ್ಲ. ನೆಲದಡಿಯ ಬಿರುಕಿಗೆ ನುಗ್ಗಿದ ಶಿಲಾರಸ ಮೇಲೆ ಬರುವ ಮೊದಲೇ ಆರಿ ಗಟ್ಟಿಯಾದ ಗೋಡೆ ಅದು. ಭೂವಿಜ್ಞಾನದಲ್ಲಿ ಅದರ ಹೆಸರು ಡೊಲರೈಟ್ ಡೈಕ್.

ನೆಲ ಎಷ್ಟು ಬಿರಿದಿತ್ತು ಎಂಬುದನ್ನು ಡೈಕಿನ ಅಗಲವೇ ಹೇಳುತ್ತದೆ. 20 ಮೀಟರ್ ಅಗಲದ ಡೈಕ್ ಇದೆ ಎಂದರೆ ಒಂದಾನೊಂದು ಕಾಲದಲ್ಲಿ ಅದರ ಎರಡೂ ಬದಿಯ ನೆಲ 20 ಮೀಟರ್ ಸರಿದು ಜಾಗ ಬಿಟ್ಟುಕೊಟ್ಟಿದೆ ಎಂದೇ ಅರ್ಥ. ಹೀಗಾಗುವುದನ್ನು ನಮ್ಮ ಕಾಲದಲ್ಲೇ ಕಂಡಿದ್ದೇವೆ. 2005ರ ಸೆಪ್ಟೆಂಬರಿನಲ್ಲಿ ಇಥಿಯೋಪಿಯಾದ ಅಫಾರ್ ಸೀಮೆಯ ದಬ್ಬಾಹು ಬಳಿ ಸುಮಾರು 60 ಕಿ.ಮೀ. ಉದ್ದಕ್ಕೆ ನೆಲ ಬಿರಿಯಿತು. ಕೆಲವೇ ದಿನಗಳಲ್ಲಿ ಕೆಲವೆಡೆ 8 ಮೀಟರ್‌ವರೆಗೆ ಬಾಯಿ ತೆರೆದದ್ದನ್ನು ಉಪಗ್ರಹಗಳು ಅಳೆದವು. ಮೇಲೆ ಬಂದದ್ದು ಒಂದಿಷ್ಟು ಬೂದಿ ಮಾತ್ರ, ಉಳಿದ ಶಿಲಾರಸವೆಲ್ಲ ಒಳಗೇ ಡೈಕಾಗಿ ನಿಂತಿತು. ಅದೇ ಅಫಾರಿನ ಹೈಲಿ ಗುಬ್ಬಿ ಎಂಬ ಜ್ವಾಲಾಮುಖಿ 2025ರ ನವೆಂಬರಿನಲ್ಲಿ ಉಗುಳಿದ ಬೂದಿ ಅರಬ್ಬಿ ಸಮುದ್ರ ದಾಟಿ ದೆಹಲಿಯ ಆಕಾಶದವರೆಗೆ ಬಂದು ವಿಮಾನಗಳು ರದ್ದಾದದ್ದು ಹಲವರಿಗೆ ನೆನಪಿರಬಹುದು. ಆಫ್ರಿಕಾ ಖಂಡ ಈಗ ಬಿರಿಯುತ್ತಿರುವ ಜಾಗ ಅದು.

ಹಾಸನದ ನೆಲವೂ ಹೀಗೆ ಬಿರಿದಿದೆ, ಒಂದಲ್ಲ ಹಲವು ಸಲ. ಯಾವ ಕರಿಕಲ್ಲಿನ ಸಾಲು ಯಾವ ಸಲದ್ದು ಎಂದು ಕೇಳಿದರೆ ಮಾತ್ರ ಕಣ್ಣು ಉತ್ತರ ಕೊಡುವುದಿಲ್ಲ. ಕರ್ನಾಟಕದ ಡೈಕುಗಳಲ್ಲಿ ಬೆಂಗಳೂರು ಸುತ್ತಿನ ಪೂರ್ವ–ಪಶ್ಚಿಮ ದಿಕ್ಕಿನ ದೊಡ್ಡ ಗುಂಪಿಗೆ 236–237 ಕೋಟಿ ವರ್ಷ. ಇನ್ನು ಕೆಲವಕ್ಕೆ ಬರೀ 9 ಕೋಟಿ. ಎರಡರಿಂದಲೂ ಅಂಗೈಯಗಲದ ಚೂರು ಒಡೆದು ಪಕ್ಕಪಕ್ಕ ಇಟ್ಟರೆ ಎರಡೂ ಕಪ್ಪು, ಎರಡೂ ಭಾರ, ಎರಡರಲ್ಲೂ ಫೆಲ್ಡ್‌ಸ್ಪಾರ್ ಎಂಬ ಖನಿಜದ ಕಡ್ಡಿಯಂಥ ಬಿಳಿ ಹರಳು. ನಡುವಿನ ಅಂತರ 220 ಕೋಟಿ ವರ್ಷಕ್ಕೂ ಮಿಕ್ಕಿದ್ದು. ಮೊದಲನೆಯದು ಬಿರಿದಾಗ ಭೂಮಿಯ ಮೇಲೆ ಹುಲ್ಲುಕಡ್ಡಿಯೂ ಇರಲಿಲ್ಲ. ಎರಡನೆಯದು ಡೈನೋಸಾರ್‌ಗಳ ಕಾಲದ್ದು, ನಮ್ಮ ಪಶ್ಚಿಮ ಕರಾವಳಿಗೆ ಅಂಟಿಕೊಂಡಿದ್ದ ಮಡಗಾಸ್ಕರ್ ಕಳಚಿಕೊಂಡ ಹೊತ್ತಿನದು.

ಕಪ್ಪು ಕಲ್ಲೆಂದ ಕೂಡಲೇ ‘ಡೆಕ್ಕನ್ ಟ್ರ್ಯಾಪ್’ ಎನ್ನುವವರು ಬಹಳ ಮಂದಿ. ಅದು ಬೆಳಗಾವಿ, ವಿಜಯಪುರ, ಕಲಬುರಗಿ, ಬೀದರಿನ ಕಡೆಯದು. ಸುಮಾರು 6.6 ಕೋಟಿ ವರ್ಷದ ಹಿಂದೆ ಹರಿದ ಲಾವಾ ಅದು, ಹಾಸನ–ಚಿಕ್ಕಮಗಳೂರಿನಲ್ಲಿ ಅದರ ಪದರವಿಲ್ಲ.

ಸಮುದ್ರದ ತಳದಲ್ಲಿ ಹಾಳೆ ಖಾಲಿ

ಮಡಗಾಸ್ಕರ್ ಯಾವಾಗ ಬೇರೆಯಾಯಿತು ಎಂಬುದನ್ನು ತಿಳಿಯಲು ಬಂಡೆಯ ವಯಸ್ಸಿಗೇ ಏಕೆ ಜೋತುಬೀಳಬೇಕು? ಉಳಿದ ಸಾಗರಗಳಲ್ಲಿ ಬೇರೆ ದಾರಿಯಿದೆ. ಸಾಗರದ ತಳ ಹೊಸದಾಗಿ ಹುಟ್ಟುತ್ತಾ ಹೋಗುವಾಗ ಆಯಾ ಕಾಲದ ಭೂಕಾಂತತೆಯನ್ನು ಹಿಡಿದಿಟ್ಟುಕೊಳ್ಳುತ್ತದೆ. ಭೂಮಿಯ ಕಾಂತಧ್ರುವಗಳು ಆಗಾಗ ಅದಲುಬದಲಾಗುವುದರಿಂದ ತಳದಲ್ಲಿ ಜಮಖಾನದ ಪಟ್ಟೆಗಳಂತೆ ಗುರುತು ಬೀಳುತ್ತದೆ. ಪಟ್ಟೆ ಎಣಿಸಿದರೆ ವಯಸ್ಸು ಸಿಕ್ಕಿತು.

ಆದರೆ ಸುಮಾರು 12 ಕೋಟಿಯಿಂದ 8.3 ಕೋಟಿ ವರ್ಷದ ಹಿಂದಿನವರೆಗೆ, ಮೂರೂಮುಕ್ಕಾಲು ಕೋಟಿ ವರ್ಷ, ಧ್ರುವಗಳು ಅದಲುಬದಲಾಗಲೇ ಇಲ್ಲ. ಆ ಅವಧಿಯ ತಳದಲ್ಲಿ ಪಟ್ಟೆಯೇ ಇಲ್ಲ, ಉದ್ದಕ್ಕೂ ಒಂದೇ ಬಣ್ಣ. ಭಾರತ–ಮಡಗಾಸ್ಕರ್ ಒಡಕು ಬಿದ್ದದ್ದು ಸರಿಯಾಗಿ ಈ ಅವಧಿಯ ಕೊನೆಯಲ್ಲಿ. ಎರಡರ ನಡುವೆ ತೆರೆದ ಮಸ್ಕರೇನ್ ಜಲಾನಯನದಲ್ಲಿ ಓದಲು ಸಿಗುವ ಮೊದಲ ಪಟ್ಟೆ 8.3 ಕೋಟಿ ವರ್ಷದ್ದು. ಅಷ್ಟು ಹೊತ್ತಿಗೆ ಸಮುದ್ರ ತೆರೆದುಕೊಂಡಿತ್ತು ಎಂದಷ್ಟೇ ಅದು ಹೇಳುತ್ತದೆ. ಯಾವಾಗ ತೆರೆಯಲು ಶುರುವಾಯಿತು ಎನ್ನುವುದಕ್ಕೆ ದಡದ ಬಂಡೆಗಳನ್ನೇ ಕೇಳಬೇಕು: ಮಡಗಾಸ್ಕರಿನ ಪೂರ್ವ ಕರಾವಳಿಯ ಲಾವಾ, ಮಲ್ಪೆಯೆದುರಿನ ಸೇಂಟ್ ಮೇರೀಸ್ ದ್ವೀಪಗಳು, ಮತ್ತು ಘಟ್ಟದ ಮೇಲಿನ ಡೈಕುಗಳು.

ಒಂದು ರಾಗಿಕಾಳಿನ ಹತ್ತನೇ ಒಂದು ಪಾಲು

ಹೆಚ್ಚು ಬಳಕೆಯಲ್ಲಿರುವ ಗಡಿಯಾರ ಪೊಟ್ಯಾಸಿಯಂನದು. ಪ್ರಕೃತಿಯಲ್ಲಿರುವ ಪೊಟ್ಯಾಸಿಯಂನಲ್ಲಿ ಶೇ. 0.0117ರಷ್ಟು ಮಾತ್ರ ವಿಕಿರಣಶೀಲವಾದ ಪೊಟ್ಯಾಸಿಯಂ-40. ಅದರ ಅರ್ಧಾಯುಷ್ಯ, ಅಂದರೆ ಇದ್ದದ್ದರಲ್ಲಿ ಅರ್ಧ ಕ್ಷಯಿಸಲು ಹಿಡಿಯುವ ಕಾಲ, ಸುಮಾರು 125 ಕೋಟಿ ವರ್ಷ. ಅದು ಕ್ಷಯಿಸುವಾಗ ಹತ್ತರಲ್ಲಿ ಒಂಬತ್ತು ಪಾಲು ಕ್ಯಾಲ್ಸಿಯಂ ಆಗುತ್ತದೆ. ಬಂಡೆಯಲ್ಲಿ ಮೊದಲೇ ಬೇಕಾದಷ್ಟು ಕ್ಯಾಲ್ಸಿಯಂ ಇರುವುದರಿಂದ ಅದರಿಂದ ಉಪಯೋಗವಿಲ್ಲ. ಉಳಿದ ಹತ್ತನೇ ಒಂದು ಪಾಲು ಆರ್ಗಾನ್-40 ಆಗುತ್ತದೆ. ಆರ್ಗಾನ್ ಯಾವುದರ ಜೊತೆಗೂ ಸೇರದ ಅನಿಲ. ಶಿಲಾರಸ ಬಿಸಿಯಿದ್ದಾಗ ತಪ್ಪಿಸಿಕೊಂಡು ಹೋಗುತ್ತದೆ, ಹರಳುಗಟ್ಟಿದ ಮೇಲೆ ಸಿಕ್ಕಿಬೀಳುತ್ತದೆ. ಹಾಗಾಗಿ ಕಲ್ಲು ತಣ್ಣಗಾದ ದಿನ ಗಡಿಯಾರ ಸೊನ್ನೆಯಿಂದ ಶುರು.

ಕೇಳಲು ಸುಲಭ. ಈಗ ಪ್ರಮಾಣ ನೋಡಿ. ಡೊಲರೈಟಿನಲ್ಲಿ ಪೊಟ್ಯಾಸಿಯಂ ಬಹಳ ಕಡಿಮೆ. ಶೇ. 0.4 ಎಂದು ಹಿಡಿದರೆ, 8.8 ಕೋಟಿ ವರ್ಷದ ಒಂದು ಗ್ರಾಂ ಕರಿಕಲ್ಲಿನಲ್ಲಿ ಹುಟ್ಟಿ ಕೂಡಿಟ್ಟಿರುವ ಆರ್ಗಾನ್ ಒಂದು ಘನ ಸೆಂಟಿಮೀಟರನ್ನು ಹತ್ತು ಲಕ್ಷ ಪಾಲು ಮಾಡಿದರೆ ಅದರಲ್ಲಿ ಸುಮಾರು ಒಂದೂವರೆ ಪಾಲು. ಇತ್ತ ನಾವು ಉಸಿರಾಡುವ ಗಾಳಿಯಲ್ಲೇ ಶೇ. 0.93ರಷ್ಟು ಆರ್ಗಾನ್ ಇದೆ. ಲೆಕ್ಕ ಹಾಕಿದರೆ ಇಡೀ ಒಂದು ಗ್ರಾಂ ಕಲ್ಲಿನ ಆರ್ಗಾನಿಗೆ ಸಮ 0.15 ಘನ ಮಿಲಿಮೀಟರ್ ಗಾಳಿ, ಅಂದರೆ ಒಂದು ರಾಗಿಕಾಳಿನ ಹತ್ತನೇ ಒಂದು ಪಾಲಿನಷ್ಟು ಜಾಗದಲ್ಲಿ ಹಿಡಿಸುವ ಗಾಳಿ. ಕಲ್ಲಿನ ಸೀಳಿನಲ್ಲಿ ಅಷ್ಟು ಗಾಳಿ ಸಿಕ್ಕಿಕೊಂಡಿದ್ದರೂ ಅಳತೆಗೆ ಬಂದ ಆರ್ಗಾನ್ ಎರಡರಷ್ಟಾಯಿತು. ಇದಕ್ಕೆ ಪರಿಹಾರವಾಗಿ ಆರ್ಗಾನಿನ ಇನ್ನೊಂದು ಬಗೆಯಾದ ಆರ್ಗಾನ್-36ನ್ನೂ ಅಳೆಯುತ್ತಾರೆ. ಗಾಳಿಯಲ್ಲಿ ಒಂದು ಪರಮಾಣು ಆರ್ಗಾನ್-36ಕ್ಕೆ ಸುಮಾರು 298.6 ಪರಮಾಣು ಆರ್ಗಾನ್-40 ಇರುತ್ತದೆ. ಸಿಕ್ಕ 36ನ್ನು ಆ ಅನುಪಾತದಿಂದ ಗುಣಿಸಿ ಕಳೆದರೆ ಗಾಳಿಯ ಪಾಲು ಹೊರಗೆ ಹೋಯಿತು. ಹಳೆಯ ಲೇಖನಗಳಲ್ಲಿ ಇದೇ ಅನುಪಾತ 295.5 ಎಂದಿರುತ್ತದೆ. ಹಳೆಯ ಮತ್ತು ಹೊಸ ವಯಸ್ಸುಗಳನ್ನು ಕಣ್ಣುಮುಚ್ಚಿ ಹೋಲಿಸಬಾರದು ಎನ್ನುವುದಕ್ಕೆ ಇದೊಂದು ಕಾರಣ.

ಹಳೆಯ ಪೊಟ್ಯಾಸಿಯಂ–ಆರ್ಗಾನ್ ವಿಧಾನದಲ್ಲಿ ಕಲ್ಲಿನ ಒಂದು ಚೂರಿನಲ್ಲಿ ಪೊಟ್ಯಾಸಿಯಂ, ಇನ್ನೊಂದರಲ್ಲಿ ಆರ್ಗಾನ್ ಅಳೆಯುತ್ತಿದ್ದರು. ಎಲ್ಲ ಅನಿಲವನ್ನೂ ಒಟ್ಟಿಗೇ ಹೊರಗೆಳೆದು ಒಂದೇ ಸಂಖ್ಯೆ ಕೊಡುತ್ತಿದ್ದರು. ಆ ಸಂಖ್ಯೆ ತಪ್ಪಿದ್ದರೆ ತಪ್ಪು ಎಂದು ತಿಳಿಯುವ ದಾರಿಯೇ ಇರಲಿಲ್ಲ. ಕಲ್ಲು ನಡುವೆ ಬಿಸಿಯಾಗಿ ಆರ್ಗಾನ್ ಸೋರಿದ್ದರೆ ವಯಸ್ಸು ಕಡಿಮೆ ತೋರಿಸುತ್ತದೆ. ಸುತ್ತಲಿನ ಹಳೆಯ ನೈಸಿನಿಂದ ಆರ್ಗಾನ್ ಒಳಗೆ ನುಸುಳಿದ್ದರೆ ಹೆಚ್ಚು ತೋರಿಸುತ್ತದೆ. ಹಾಸನದಲ್ಲಿ ಡೈಕು ನುಗ್ಗಿರುವುದು 300 ಕೋಟಿ ವರ್ಷ ಮೀರಿದ ನೈಸಿನೊಳಕ್ಕೆ, ಅದರಲ್ಲಿ ಕೂಡಿಟ್ಟ ಆರ್ಗಾನ್ ರಾಶಿ ರಾಶಿ. ಈ ಎರಡನೆಯ ತಪ್ಪು ಇಲ್ಲಿ ಬರೀ ಊಹೆಯಲ್ಲ.

ಈಗಿನ ಆರ್ಗಾನ್–ಆರ್ಗಾನ್ ವಿಧಾನ ಈ ಕುರುಡನ್ನು ತಕ್ಕಮಟ್ಟಿಗೆ ಹೋಗಲಾಡಿಸಿದೆ. ಕಲ್ಲನ್ನು ಪುಡಿಮಾಡಿ, ರವೆಯ ಗಾತ್ರದ ಕಣಗಳನ್ನು ಜರಡಿ ಹಿಡಿದು, ತೆಳು ಆಮ್ಲದಲ್ಲಿ ತೊಳೆದು, ಅಲ್ಯೂಮಿನಿಯಂ ಹಾಳೆಯಲ್ಲಿ ಪುಟ್ಟ ಪೊಟ್ಟಣ ಕಟ್ಟುತ್ತಾರೆ. ಆ ಪೊಟ್ಟಣಗಳ ನಡುನಡುವೆ ವಯಸ್ಸು ಮೊದಲೇ ಗೊತ್ತಿರುವ ಖನಿಜದ ಪೊಟ್ಟಣಗಳನ್ನೂ ಇಡುತ್ತಾರೆ. ಇವೇ ಇಲ್ಲಿನ ತಕ್ಕಡಿಬಟ್ಟು. ಎಲ್ಲವೂ ಒಟ್ಟಿಗೆ ಪರಮಾಣು ರಿಯಾಕ್ಟರ್ ಒಳಗೆ ಹೋಗುತ್ತವೆ. ವೇಗದ ನ್ಯೂಟ್ರಾನ್ ಬಡಿದಾಗ ಮಾಮೂಲಿ ಪೊಟ್ಯಾಸಿಯಂ-39ರ ಒಂದು ಪಾಲು ಆರ್ಗಾನ್-39 ಆಗುತ್ತದೆ. ಹಾಗಾಗಿ ಆರ್ಗಾನ್-39 ಅಳೆದರೆ ಕಣದಲ್ಲಿ ಪೊಟ್ಯಾಸಿಯಂ ಎಷ್ಟಿದೆ ಎಂದು ತಿಳಿಯುತ್ತದೆ. ಹೊರಗೆ ತಂದ ಮೇಲೆ ವಿಕಿರಣ ಇಳಿಯಲು ಕೆಲವು ವಾರ ಬಿಡಬೇಕು. ಆಮೇಲೆ ನಿರ್ವಾತದಲ್ಲಿ 400–500 ಡಿಗ್ರಿಯಿಂದ ಶುರುಮಾಡಿ 1400 ಡಿಗ್ರಿಯವರೆಗೆ ಮೆಟ್ಟಿಲು ಮೆಟ್ಟಿಲಾಗಿ ಕಾಯಿಸುತ್ತಾ ಪ್ರತಿ ಮೆಟ್ಟಿಲಿನಲ್ಲಿ ಹೊರಟ ಅನಿಲವನ್ನು, ಪರಮಾಣುಗಳನ್ನು ತೂಕದ ಪ್ರಕಾರ ಬೇರ್ಪಡಿಸಿ ಎಣಿಸುವ ಮಾಸ್ ಸ್ಪೆಕ್ಟ್ರೋಮೀಟರಿನಲ್ಲಿ ಅಳೆಯುತ್ತಾರೆ. ಪೊಟ್ಯಾಸಿಯಂ ಮತ್ತು ಆರ್ಗಾನ್ ಎರಡನ್ನೂ ಒಂದೇ ಕಣದಿಂದ, ಒಂದೇ ಯಂತ್ರದಲ್ಲಿ ಅಳೆದಂತಾಯಿತು.

ಮೆಟ್ಟಿಲುಗಳ ವಯಸ್ಸನ್ನು ಸಾಲಾಗಿ ಬರೆದಾಗ ಕಲ್ಲು ತನ್ನ ಕಥೆ ಬಿಚ್ಚುತ್ತದೆ. ಹರಳಿನ ಅಂಚಿನಲ್ಲಿ ಸಡಿಲವಾಗಿ ಕೂತ ಅನಿಲ ಕಡಿಮೆ ಶಾಖಕ್ಕೇ ಹೊರಡುತ್ತದೆ, ಒಳಗಿನದು ಕೊನೆಗೆ. ಮೊದಲ ಮೆಟ್ಟಿಲುಗಳು ಚಿಕ್ಕ ವಯಸ್ಸು ತೋರಿಸಿ ನಂತರದವು ಸಮನಾಗಿ ಸಾಗಿದರೆ, ಅಂಚಿನಿಂದ ಸ್ವಲ್ಪ ಸೋರಿದೆ, ಒಡಲು ಗಟ್ಟಿಯಿದೆ ಎಂದು ತಿಳಿಯಬಹುದು. ಸಮನಾದ ಆ ಭಾಗಕ್ಕೆ ‘ಪ್ಲೇಟೋ’ ಎನ್ನುತ್ತಾರೆ. ಸಾಮಾನ್ಯವಾಗಿ ಒಂದರ ಪಕ್ಕ ಒಂದರಂತೆ ಕನಿಷ್ಠ ಮೂರು ಮೆಟ್ಟಿಲು, ಒಟ್ಟು ಆರ್ಗಾನ್-39ರಲ್ಲಿ ಅರ್ಧಕ್ಕಿಂತ ಹೆಚ್ಚು, ಮತ್ತು ತಪ್ಪಿನ ಮಿತಿಯೊಳಗೆ ಒಂದೇ ವಯಸ್ಸು: ಈ ಮೂರೂ ಇದ್ದರೆ ಮಾತ್ರ ಒಪ್ಪುತ್ತಾರೆ. ಮೆಟ್ಟಿಲುಗಳು ಬಾಣಲೆಯಂತೆ ಎರಡೂ ತುದಿಯಲ್ಲಿ ಎತ್ತರ, ನಡುವೆ ತಗ್ಗು ಆಗಿದ್ದರೆ ಹೊರಗಿನ ಆರ್ಗಾನ್ ನುಸುಳಿದೆ ಎಂದು ಅನುಮಾನ ಪಡಬೇಕು.

ಫೆಲ್ಡ್‌ಸ್ಪಾರ್ ಕೊಳೆತು ಸೆರಿಸೈಟ್ ಎಂಬ ಅಭ್ರಕದ ಪುಡಿಯಾಗಿರುವುದು ಇನ್ನೊಂದು ಕಾಟ. ಸೆರಿಸೈಟಿನಲ್ಲಿ ಪೊಟ್ಯಾಸಿಯಂ ಬಹಳ. ಕಲ್ಲಿನಲ್ಲಿ ಅದು ಒಂದು ಚಿಟಿಕೆ ಇದ್ದರೂ ವಯಸ್ಸನ್ನು ತನ್ನ ಕಡೆಗೆ ಎಳೆಯುತ್ತದೆ, ಮತ್ತು ಅದು ಹುಟ್ಟಿದ್ದು ಕಲ್ಲು ಹುಟ್ಟಿ ಎಷ್ಟೋ ಕಾಲದ ಮೇಲೆ. ಇದನ್ನು ಹಿಡಿಯುವ ಉಪಾಯವೂ ರಿಯಾಕ್ಟರಿನಿಂದಲೇ ಬರುತ್ತದೆ. ಕ್ಯಾಲ್ಸಿಯಂನಿಂದ ಆರ್ಗಾನ್-37 ಹುಟ್ಟಿರುತ್ತದೆ. ಪ್ರತಿ ಮೆಟ್ಟಿಲಿನಲ್ಲಿ 37 ಮತ್ತು 39ರ ಅನುಪಾತ ನೋಡಿದರೆ ಅನಿಲ ಬರುತ್ತಿರುವುದು ಕ್ಯಾಲ್ಸಿಯಂ ತುಂಬಿದ ತಾಜಾ ಫೆಲ್ಡ್‌ಸ್ಪಾರಿನಿಂದಲೋ ಪೊಟ್ಯಾಸಿಯಂ ತುಂಬಿದ ಸೆರಿಸೈಟಿನಿಂದಲೋ ಗೊತ್ತಾಗುತ್ತದೆ. ಆದರೆ ಆರ್ಗಾನ್-37ರ ಅರ್ಧಾಯುಷ್ಯ 35 ದಿನ ಮಾತ್ರ. ರಿಯಾಕ್ಟರಿನಿಂದ ಬಂದ ಪೊಟ್ಟಣವನ್ನು ಒಂದು ವರ್ಷ ಕಪಾಟಿನಲ್ಲಿಟ್ಟರೆ ಈ ಸುಳಿವು ಅಳಿಸಿಹೋದಂತೆಯೇ.

ಒಂದೇ ದ್ವೀಪ, ಮೂರು ವಯಸ್ಸು

ಘಟ್ಟ ಇಳಿದು ಮಲ್ಪೆಗೆ ಹೋದರೆ ಎದುರಿಗೆ ಸೇಂಟ್ ಮೇರೀಸ್ ದ್ವೀಪಗಳು. ಕಂಬ ಕಂಬವಾಗಿ ಸೀಳಿ ನಿಂತ ಆ ಕಲ್ಲು ಬಸಾಲ್ಟ್ ಎಂದು ಪ್ರವಾಸಿ ಫಲಕಗಳು ಹೇಳುವುದುಂಟು. ಅದು ಸಿಲಿಕಾ ಹೆಚ್ಚಿರುವ ಡೇಸೈಟ್–ರಯೋಲೈಟ್. ಭೂವೈಜ್ಞಾನಿಕ ಸ್ಮಾರಕವಾದ್ದರಿಂದ ಅಲ್ಲಿ ಯಾರೂ ಸುತ್ತಿಗೆ ಎತ್ತುವಂತಿಲ್ಲ.

ಈ ದ್ವೀಪಗಳ ವಯಸ್ಸಿನ ಜಗಳ ನಮ್ಮ ವಿಷಯಕ್ಕೆ ಒಳ್ಳೆಯ ಪಾಠ. 1981ರಲ್ಲಿ ಪ್ರಕಟವಾದ ಪೊಟ್ಯಾಸಿಯಂ–ಆರ್ಗಾನ್ ಅಳತೆ ಸುಮಾರು 9.3 ಕೋಟಿ ವರ್ಷ ಎಂದಿತು. ಅದು ಡೆಕ್ಕನ್ ಲಾವಾ ಅಲ್ಲ ಎಂದು ಅಷ್ಟರಿಂದಲೇ ಗೊತ್ತಾಯಿತು, ಅದೇ ದೊಡ್ಡ ಸುದ್ದಿ. 2000ರಲ್ಲಿ ಜಿರ್ಕಾನ್ ಎಂಬ ಖನಿಜದ ಹರಳಿನ ಯುರೇನಿಯಂ–ಸೀಸದ ಅಳತೆ 9.12 ಕೋಟಿ ಎಂದಿತು, ತಪ್ಪಿನ ಮಿತಿ 2 ಲಕ್ಷ ವರ್ಷ. ಮರುವರ್ಷವೇ ಆರ್ಗಾನ್–ಆರ್ಗಾನ್ ಅಳತೆ 8.56 ಕೋಟಿ ಎಂದಿತು, ಮಿತಿ 9 ಲಕ್ಷ. ಕೊನೆಯ ಎರಡರ ನಡುವೆ 56 ಲಕ್ಷ ವರ್ಷದ ಕಂದರ. ಎರಡರ ಮಿತಿಗಳನ್ನೂ ಕೂಡಿದರೂ ಅದು ಮುಚ್ಚುವುದಿಲ್ಲ.

ತಕ್ಕಡಿಬಟ್ಟು ಬೇರೆಬೇರೆ ಇದ್ದದ್ದಕ್ಕೆ ಹೀಗಾಯಿತೇ? ಇಂದು ಹೆಚ್ಚು ಬಳಸುವ ಬಟ್ಟು ಫಿಶ್ ಕ್ಯಾನಿಯನ್ ಸ್ಯಾನಿಡಿನ್ ಎಂಬ ಖನಿಜ. ಮೊದಲು ಅದರ ವಯಸ್ಸನ್ನು 2.802 ಕೋಟಿ ವರ್ಷ ಎಂದು ಹಿಡಿಯುತ್ತಿದ್ದರು, 2008ರಿಂದ ಈಚೆಗೆ ಹೆಚ್ಚಿನವರು 2.8201 ಕೋಟಿ ಎನ್ನುತ್ತಾರೆ. ಏರಿಕೆ ಶೇ. 0.65. 8.6 ಕೋಟಿಗೆ ಅದನ್ನು ಹಾಕಿದರೆ ಕೂಡುವುದು ಸುಮಾರು 5.5 ಲಕ್ಷ ವರ್ಷ. ಕಂದರದ ಹತ್ತನೇ ಒಂದು ಪಾಲು ತುಂಬಿತು, ಅಷ್ಟೇ. ಉಳಿದದ್ದಕ್ಕೆ ಕಲ್ಲಿನಲ್ಲೇ ಕಾರಣ ಹುಡುಕಬೇಕು.

ಎರಡು ಗಡಿಯಾರಗಳು ಅಳೆಯುವ ಗಳಿಗೆ ಒಂದೇ ಅಲ್ಲ. ಜಿರ್ಕಾನ್ ಹರಳಾಗುವಾಗ ಯುರೇನಿಯಂ ಅನ್ನು ಒಳಗೆ ಬಿಟ್ಟುಕೊಳ್ಳುತ್ತದೆ, ಸೀಸವನ್ನು ಹೊರಗಿಡುತ್ತದೆ. ಆದ್ದರಿಂದ ಒಳಗೆ ಸಿಕ್ಕ ಸೀಸವೆಲ್ಲ ಬಹುಪಾಲು ಅಲ್ಲೇ ಹುಟ್ಟಿದ್ದು. 8.8 ಕೋಟಿ ವರ್ಷದ ಜಿರ್ಕಾನಿನಲ್ಲಿ ಪ್ರತಿ 1000 ಯುರೇನಿಯಂ-238 ಪರಮಾಣುವಿಗೆ ಸುಮಾರು 14 ಸೀಸ-206 ಇರುತ್ತದೆ. 237 ಕೋಟಿ ವರ್ಷದ್ದಾದರೆ ಸುಮಾರು 444. ಜೊತೆಗೆ ಯುರೇನಿಯಂ-235 ಸೀಸ-207 ಆಗುವ ಎರಡನೆಯ ಗಡಿಯಾರವೂ ಅದೇ ಹರಳಿನಲ್ಲಿದೆ. ಎರಡೂ ಒಂದೇ ವಯಸ್ಸು ಹೇಳಿದರೆ ಹರಳು ಕೆಟ್ಟಿಲ್ಲವೆಂದು ನಂಬಬಹುದು. ಶಾಖಕ್ಕೂ ಅದು ಸುಲಭಕ್ಕೆ ಬಗ್ಗುವುದಿಲ್ಲ. ಅದರ ಬಲವೇ ಅದರ ದೋಷ ಕೂಡ: ಶಿಲಾರಸದ ಕೋಣೆಯಲ್ಲಿ ಲಾವಾ ಹೊರಬರುವುದಕ್ಕೆ ಬಹಳ ಮೊದಲೇ ಹುಟ್ಟಿದ ಜಿರ್ಕಾನ್, ಅಥವಾ ದಾರಿಯಲ್ಲಿ ಸಿಕ್ಕ ಹಳೆಯ ಬಂಡೆಯಿಂದ ಉದುರಿದ ಜಿರ್ಕಾನ್ ತನ್ನ ಹಳೆಯ ವಯಸ್ಸನ್ನು ಬಿಟ್ಟುಕೊಡದೆ ಮೇಲೆ ಬರುತ್ತದೆ. ಹಾಗಾಗಿ ಜಿರ್ಕಾನ್ ತಪ್ಪುವುದು ಹೆಚ್ಚಾಗಿ ಮುದಿತನದ ಕಡೆಗೆ, ಆರ್ಗಾನ್ ತಪ್ಪುವುದು ಹೆಚ್ಚಾಗಿ ಎಳೆತನದ ಕಡೆಗೆ. ಉಪ್ಪುನೀರು, ಮಳೆಗಾಳಿಗೆ ಒಡ್ಡಿಕೊಂಡ ಕರಾವಳಿಯ ಕಲ್ಲಿನಲ್ಲಿ ಆರ್ಗಾನ್ ಸೋರಿಕೆಯ ಅನುಮಾನವೇ ನನಗೆ ಹೆಚ್ಚು. ಮಡಗಾಸ್ಕರಿನ ಅನಲಲಾವ ಎಂಬಲ್ಲಿನ ಗ್ಯಾಬ್ರೊ ಎಂಬ ಕಪ್ಪು ಶಿಲೆಯ ಯುರೇನಿಯಂ–ಸೀಸ ವಯಸ್ಸು 9.16 ಕೋಟಿ, ಮಿತಿ 3 ಲಕ್ಷ, ಮಲ್ಪೆಯ 9.12ಕ್ಕೆ ಅದು ಹೊಂದುತ್ತದೆ.

ಇಷ್ಟು ಕೂದಲು ಸೀಳುವುದೇಕೆ ಎಂದರೆ, ಖಂಡ ಒಡೆಯುವ ಕಾರಣದ ವಾದವೆಲ್ಲ ಈ ಕೆಲವು ಲಕ್ಷ ವರ್ಷಗಳ ಮೇಲೆ ನಿಂತಿದೆ. 1995ರಲ್ಲಿ ಮಡಗಾಸ್ಕರಿನ ಪೂರ್ವ ಕರಾವಳಿಯ 1500 ಕಿ.ಮೀ. ಉದ್ದದ ಲಾವಾಗಳಿಗೆ ಆರ್ಗಾನ್–ಆರ್ಗಾನ್ ಅಳತೆ ಹಾಕಿದಾಗ ಸರಾಸರಿ 8.76 ಕೋಟಿ ವರ್ಷ ಬಂತು, ಮಿತಿ 6 ಲಕ್ಷ. ಅಷ್ಟು ಉದ್ದಕ್ಕೂ ಹೆಚ್ಚುಕಡಿಮೆ ಒಂದೇ ಹೊತ್ತಿಗೆ ಲಾವಾ ಉಕ್ಕಿದೆ ಎಂದರೆ ಕೆಳಗಿನಿಂದ ಬಿಸಿ ಶಿಲೆಯ ಬುಗ್ಗೆ ತಾಗಿ ಖಂಡವನ್ನು ಮೃದುಮಾಡಿ ಒಡೆಯಿತು ಎಂಬ ಚಿತ್ರ ಮೂಡುತ್ತದೆ. ಆ ಬುಗ್ಗೆ ಇಂದು ದಕ್ಷಿಣ ಹಿಂದೂ ಮಹಾಸಾಗರದ ಮರಿಯನ್ ದ್ವೀಪದ ಅಡಿಯಲ್ಲಿದೆ. ಆಗ ಮಡಗಾಸ್ಕರಿನ ದಕ್ಷಿಣ ತುದಿಯ ಕೆಳಗಿತ್ತು. 2001ರಲ್ಲಿ ಕರ್ನಾಟಕದ ಕೆಲವು ಡೈಕುಗಳಿಗೆ 8.8–9 ಕೋಟಿ ವರ್ಷದ ಆಸುಪಾಸು ವಯಸ್ಸು ಸಿಕ್ಕಿ, ಅವೂ ಆ ಬುಗ್ಗೆಯ ಸಂತಾನವೇ ಎಂಬ ವಾದ ಬಂತು.

ಆದರೆ 9.16ರಿಂದ 8.56ರವರೆಗೆ ಎಲ್ಲ ಸಂಖ್ಯೆಗಳೂ ನಿಜವಾದರೆ ಲಾವಾ 60 ಲಕ್ಷ ವರ್ಷ ಸೋರುತ್ತಲೇ ಇತ್ತು ಎಂದಾಗುತ್ತದೆ. ಡೆಕ್ಕನ್ ಲಾವಾದ ಬಹುಪಾಲು ಹರಿದು ಮುಗಿದದ್ದು ಸುಮಾರು ಹತ್ತು ಲಕ್ಷ ವರ್ಷದೊಳಗೆ. 60 ಲಕ್ಷ ವರ್ಷದ ಸೋರಿಕೆ ಬುಗ್ಗೆಯ ಹೊಡೆತದಂತೆ ಕಾಣುವುದಿಲ್ಲ. ಖಂಡ ಮೊದಲೇ ಎಳೆದು ತೆಳ್ಳಗಾಗುತ್ತಿತ್ತು, ತೆಳ್ಳಗಾದ ಕಡೆಯೆಲ್ಲ ಶಿಲಾರಸ ಸೋರಿತು ಎಂಬ ವಾದಕ್ಕೆ ಅದು ಬಲ ಕೊಡುತ್ತದೆ. ಇಲ್ಲ, ಚಿಕ್ಕ ವಯಸ್ಸುಗಳು ಸೋರಿದ ಆರ್ಗಾನಿನ ಫಲವೆಂದಾದರೆ ಇಡೀ ಘಟನೆ 9.1 ಕೋಟಿಯ ಸುತ್ತ ಮುದುಡಿ ಕೂರುತ್ತದೆ, ಬುಗ್ಗೆಯವರು ಗೆಲ್ಲುತ್ತಾರೆ. ಮಡಗಾಸ್ಕರಿನ ಆ 8.76 ಕೂಡ ಆರ್ಗಾನಿನದೇ ಸಂಖ್ಯೆ ಎಂಬುದನ್ನು ಮರೆಯಬಾರದು.

ಮಲೆನಾಡಿನಲ್ಲಿ ಕಲ್ಲು ಆರಿಸುವ ಕಷ್ಟ

ಯಂತ್ರ ಎಷ್ಟೇ ದುಬಾರಿಯದಾದರೂ ಕೆಟ್ಟ ಕಲ್ಲು ಕೊಟ್ಟರೆ ಕೆಟ್ಟ ವಯಸ್ಸೇ ಬರುವುದು. ಸಕಲೇಶಪುರ, ಮೂಡಿಗೆರೆಯ ಕಾಫಿ ತೋಟಗಳಲ್ಲಿ ಡೊಲರೈಟ್ ಮಳೆಗೆ ಕೊಳೆತು ಕೆಂಪು ಜೇಡಿಯಾಗಿರುತ್ತದೆ. ಬಯಲುಸೀಮೆಯಲ್ಲಿ ದಿಬ್ಬವಾಗಿ ನಿಲ್ಲುವ ಅದೇ ಕಲ್ಲು ಇಲ್ಲಿ ತಗ್ಗಾಗಿ, ಗಿಡಗಳ ಕೆಳಗೆ ಮುಚ್ಚಿಹೋಗಿರುತ್ತದೆ. ಶಿರಾಡಿ, ಚಾರ್ಮಾಡಿಯಂಥ ಘಟ್ಟದ ರಸ್ತೆ ಕಡಿದ ಗೋಡೆಗಳಲ್ಲಿ ಈರುಳ್ಳಿಯಂತೆ ಸಿಪ್ಪೆ ಸುಲಿದ ಗುಂಡುಗಳು ಕಂಡರೆ ಸಿಪ್ಪೆಯನ್ನು ಬಿಟ್ಟು ನಡುವಿನ ತಿರುಳನ್ನು ಒಡೆಯಬೇಕು. ತಿರುಳು ನೀಲಿಗಪ್ಪಾಗಿ, ಸುತ್ತಿಗೆಗೆ ಗಂಟೆಯಂತೆ ಠಣ್ ಎಂದರೆ ಪರವಾಗಿಲ್ಲ. ಹಸಿರು ಛಾಯೆ, ತುಕ್ಕಿನ ಗೆರೆ, ಬಿಳಿ ಸುಣ್ಣದ ನರ ಇದ್ದರೆ ಬೇಡ.

ಡೈಕಿನ ಅಂಚು ಮತ್ತು ನಡು ಬೇರೆಬೇರೆ ಕೆಲಸಕ್ಕೆ ಬರುತ್ತವೆ. ತಣ್ಣನೆಯ ನೈಸಿಗೆ ತಾಗಿದ ಅಂಚು ಬೇಗ ಆರಿ ನುಣುಪಾಗಿರುತ್ತದೆ. ಶಿಲಾರಸದ ಮೂಲ ರಾಸಾಯನಿಕ ಪಾಕ ತಿಳಿಯಲು ಅದು ಒಳ್ಳೆಯದು, ವಯಸ್ಸಿಗೆ ಕೆಟ್ಟದ್ದು. ಕಣ ತೀರಾ ಸಣ್ಣದಾದರೆ ರಿಯಾಕ್ಟರಿನಲ್ಲಿ ಹುಟ್ಟಿದ ಆರ್ಗಾನ್-39 ಹೊಡೆತದ ರಭಸಕ್ಕೆ ಪಕ್ಕದ ಕಣಕ್ಕೆ ಚಿಮ್ಮಿ ಲೆಕ್ಕ ಕೆಡಿಸುತ್ತದೆ. 20 ಮೀಟರಿನ ಡೈಕಿನ ನಡು ಆರಲು ಸುಮಾರು ಮೂರು ವರ್ಷ ಬೇಕು. ಅಷ್ಟು ಪುರುಸೊತ್ತಿನಲ್ಲಿ ಅಲ್ಲಿ ದಪ್ಪ ಫೆಲ್ಡ್‌ಸ್ಪಾರ್ ಬೆಳೆಯುತ್ತದೆ. ಉಳಿದ ಕೊನೆಯ ಹನಿ ಶಿಲಾರಸದಲ್ಲಿ ಬ್ಯಾಡಲಿಯೈಟ್ ಎಂಬ ಜಿರ್ಕೋನಿಯಂ ಆಕ್ಸೈಡಿನ ಕಂದು ಹರಳುಗಳೂ ಬೆಳೆಯುತ್ತವೆ. ಡೊಲರೈಟಿನಲ್ಲಿ ಜಿರ್ಕಾನ್ ಅಪರೂಪ, ಅದರ ಕೆಲಸವನ್ನು ಬ್ಯಾಡಲಿಯೈಟ್ ಮಾಡುತ್ತದೆ; ಮೇಲಾಗಿ ಅದು ಹಳೆಯ ಬಂಡೆಯಿಂದ ಉದುರಿ ಬಂದಿರುವ ಸಾಧ್ಯತೆ ಬಹಳ ಕಡಿಮೆ. ಹರಳು ಕೂದಲೆಳೆಯಷ್ಟು ಅಗಲವಿದ್ದರೆ ಪುಣ್ಯ. ಪುಡಿಯನ್ನು ಅಲುಗುವ ಮೇಜಿನ ಮೇಲೆ ನೀರು ಹರಿಸಿ, ಹಗುರ ಕಣಗಳನ್ನು ತೊಳೆದು, ಕಾಂತಕ್ಕೆ ಅಂಟುವುದನ್ನು ತೆಗೆದು, ಉಳಿದ ಚಿಟಿಕೆಯಿಂದ ಸೂಕ್ಷ್ಮದರ್ಶಕದಡಿ ಒಂದೊಂದೇ ಹರಳು ಹೆಕ್ಕಬೇಕು. ಅಕ್ಕಿಯಲ್ಲಿ ಕಲ್ಲು ಆರಿಸಿದ ಹಾಗೆ.

ಈ ವ್ಯತ್ಯಾಸ ಎಷ್ಟು ದೊಡ್ಡದೆನ್ನಲು ಕನಕಪುರ ಕಡೆಯ ಹಾರೋಹಳ್ಳಿ ಡೈಕುಗಳು ಸಾಕು. ಅವುಗಳಲ್ಲಿ ಒಂದು ಗುಂಪಿಗೆ ಸುಮಾರು 82 ಕೋಟಿ ವರ್ಷ ಎಂದು ಬಹಳ ಕಾಲ ನಂಬಲಾಗಿತ್ತು, ಆ ಕಾಲದಲ್ಲಿ ಭಾರತ ಯಾವ ಅಕ್ಷಾಂಶದಲ್ಲಿತ್ತು ಎಂಬ ನಕಾಶೆಗಳನ್ನೂ ಅದರ ಮೇಲೆ ಬರೆಯಲಾಗಿತ್ತು. 2008ರಲ್ಲಿ ಯುರೇನಿಯಂ–ಸೀಸದ ಅಳತೆ 119 ಕೋಟಿ ಎಂದು ಹೇಳಿದ ದಿನ ಆ ನಕಾಶೆಗಳ ಬುಡ ಹೋಯಿತು.

ಡೈಕಿನ ದಿಕ್ಕು ನೋಡಿ ವಯಸ್ಸು ಹೇಳುವ ಅಭ್ಯಾಸವೂ ಇದೆ. ಕರಾವಳಿಗೆ ಸಮಾನಾಂತರವಿದ್ದರೆ ಮಡಗಾಸ್ಕರ್ ಕಾಲದ್ದು ಎನ್ನುವುದು ಆಕರ್ಷಕ, ಆದರೆ ಅಪಾಯಕಾರಿ. ಶಿಲಾರಸ ಹೊಸ ದಾರಿ ಕೊರೆಯುವುದಕ್ಕಿಂತ ಹಳೆಯ ಸೀಳನ್ನೇ ಹಿಡಿಯುವ ಸೋಮಾರಿ. ಕಾಂತತ್ವದ ಸುಳಿವು ಇದಕ್ಕಿಂತ ವಾಸಿ; 9 ಕೋಟಿ ವರ್ಷದ ಹಿಂದೆ ನಾವು ಸಮಭಾಜಕದಿಂದ ಬಹಳ ದಕ್ಷಿಣದಲ್ಲಿದ್ದೆವು, ಅಲ್ಲಿನ ಭೂಕಾಂತತೆಯ ಓರೆ ಕಲ್ಲಿನಲ್ಲಿ ಉಳಿದಿರುತ್ತದೆ. ಗುಡ್ಡದ ನೆತ್ತಿಯ ಕಲ್ಲಿಗೆ ಮಾತ್ರ ಕೈ ಹಾಕಬಾರದು. ಸಿಡಿಲು ಬಡಿದ ಬಂಡೆಯ ಕಾಂತತ್ವ ಪೂರ್ತಿ ಕೆಟ್ಟಿರುತ್ತದೆ; ಹತ್ತಿರ ಹಿಡಿದ ದಿಕ್ಸೂಚಿಯ ಮುಳ್ಳು ಹುಚ್ಚುಹಿಡಿದಂತೆ ತಿರುಗಿದರೆ ಅಲ್ಲಿಂದ ಕಾಲು ಕೀಳುವುದು ಲೇಸು.

ಬಾಬಾಬುಡನ್‌ಗಿರಿಯ ಹಳೆಯ ಒಡಕು

ಚಿಕ್ಕಮಗಳೂರಿನ ಜ್ವಾಲಾಮುಖಿ ಶಿಲೆ ಬೇರೆಯದೇ ಲೋಕ. ಬಾಬಾಬುಡನ್‌ಗಿರಿಯ ಬುಡದಲ್ಲಿ ನೈಸಿನ ಮೇಲೆ ಉರುಟು ಬೆಣಚುಕಲ್ಲಿನ ಪದರ, ಅದರ ಮೇಲೆ ಬಸಾಲ್ಟ್ ಮತ್ತು ಮರಳುಗಲ್ಲು ಒಂದರ ಮೇಲೊಂದು, ತುದಿಯಲ್ಲಿ ಕಬ್ಬಿಣದ ಪಟ್ಟೆಶಿಲೆ. ಹೊಳೆ ಹರಿದ ಖಂಡ ಎಳೆದು ತೆಳ್ಳಗಾಗಿ, ಲಾವಾ ಉಕ್ಕಿ, ಕೊನೆಗೆ ನೀರು ತುಂಬಿಕೊಂಡ ಕ್ರಮ ಇದು. ಬಸಾಲ್ಟ್ ಈಗ ಹಸಿರುಗಟ್ಟಿ ರೂಪಾಂತರವಾಗಿದೆ, ಅದರ ಆರ್ಗಾನ್ ಗಡಿಯಾರ ಎಂದೋ ನಿಂತಿದೆ. ಹಾಗಾಗಿ ಅಲ್ಲಿ ಸಮೇರಿಯಂ ಬಹಳ ನಿಧಾನಕ್ಕೆ ಕ್ಷಯಿಸಿ ನಿಯೋಡಿಮಿಯಂ ಆಗುವ ಗಡಿಯಾರವನ್ನು ಬಳಸಿದರು, 290–285 ಕೋಟಿ ವರ್ಷದ ಸುತ್ತಿನ ವಯಸ್ಸು ಬಂತು. ಮಿತಿ ಐದಾರು ಕೋಟಿ. ಅದಕ್ಕಿಂತ ಚೊಕ್ಕವಾಗಿ ಸಿಕ್ಕದ್ದು ಮುಳ್ಳಯ್ಯನಗಿರಿಯ ಕಬ್ಬಿಣದ ಪಟ್ಟೆಶಿಲೆಯ ನಡುವೆ ಬಿದ್ದಿದ್ದ ತೆಳು ಜ್ವಾಲಾಮುಖಿ ಬೂದಿಯ ಪದರ. ಅದರ ಜಿರ್ಕಾನ್ 1997ರಲ್ಲಿ 272 ಕೋಟಿ ಎಂದಿತು, ಮಿತಿ 70 ಲಕ್ಷ ಮಾತ್ರ. ಕೆಮ್ಮಣ್ಣುಗುಂಡಿಯಿಂದ ಭದ್ರಾವತಿಗೆ ಹೋದ ಕಬ್ಬಿಣದ ಅದಿರು ಇದೇ ಸಾಲಿನದು.

ಎಲ್ಲ ಕಲ್ಲಿಗೂ ಗಡಿಯಾರವಿಲ್ಲ ಎಂಬುದಕ್ಕೆ ಬೇಲೂರು, ಹಳೇಬೀಡಿನ ದೇಗುಲಗಳ ಬಳಪದ ಕಲ್ಲೇ ಸಾಕ್ಷಿ. ಮೆಗ್ನೀಸಿಯಂ ತುಂಬಿದ ಹಳೆಯ ಶಿಲೆ ನೀರು ಕುಡಿದು ಮೆತ್ತಗಾದದ್ದು ಅದು. ಉಳಿಗೆ ಬೆಣ್ಣೆಯಂತೆ ಒಲಿಯುತ್ತದೆ, ಆದರೆ ಪೊಟ್ಯಾಸಿಯಂ ಇಲ್ಲವೆನ್ನುವಷ್ಟು ಕಡಿಮೆ, ಜಿರ್ಕಾನ್ ಇಲ್ಲ. ಅದರ ವಯಸ್ಸು ತಿಳಿಯಲು ಅಕ್ಕಪಕ್ಕದ ಬಂಡೆಯನ್ನೇ ಕೇಳಬೇಕು.

ಒಡೆದ ಮೇಲೆ ಹೊಂದಿಸಿ ನೋಡುವುದಕ್ಕೂ ವಯಸ್ಸೇ ಆಧಾರ. ಗೊರೂರು ಅಣೆಕಟ್ಟಿನ ಸುತ್ತಿನ ನೈಸಿಗೆ ಸುಮಾರು 330 ಕೋಟಿ ವರ್ಷ. ಮಡಗಾಸ್ಕರಿನ ಈಶಾನ್ಯದ ಆಂಟೊಂಗಿಲ್ ಕೊಲ್ಲಿಯ ಸುತ್ತ ಸುಮಾರು 320 ಕೋಟಿ ವರ್ಷದ ಅಂಥದ್ದೇ ನೈಸ್ ಇದೆ, ಅದರೊಳಗೆ ನಮ್ಮಲ್ಲಿರುವಂತೆಯೇ 250 ಕೋಟಿ ವರ್ಷದ ಗ್ರಾನೈಟ್ ನುಗ್ಗಿದೆ. ಹರಿದ ಹಾಳೆಯ ಎರಡು ತುಂಡಿನ ಬರಹ ಕೂಡಿದಂತೆ.

ಹರಿದ ಅಂಚು ಈಗಿನ ಘಟ್ಟದ ಸಾಲೇ ಎಂದು ಮಾತ್ರ ತಿಳಿಯಬಾರದು. ಮೂಲ ಬಿರುಕು ಪಶ್ಚಿಮಕ್ಕೆ, ಸಮುದ್ರದೊಳಗಿದೆ. ಕಡಿದಾದ ಗೋಡೆ ಸವೆಯುತ್ತಾ ಒಳನಾಡಿನ ಕಡೆಗೆ ಹಿಂದೆ ಸರಿದಿದೆ. ಎಷ್ಟು ಕಾಲದಲ್ಲಿ ಎಂಬುದಕ್ಕೂ ಆರ್ಗಾನೇ ಉತ್ತರಿಸಿತು, ಈ ಬಾರಿ ಜಂಬಿಟ್ಟಿಗೆಯ ಮ್ಯಾಂಗನೀಸ್ ಖನಿಜಗಳಿಂದ. ಘಟ್ಟದ ಕೆಳಗಿನ ಕರಾವಳಿಯಲ್ಲಿ ಅಂಥ ಖನಿಜ 4.7 ಕೋಟಿ ವರ್ಷದಷ್ಟು ಹಳೆಯದು ಸಿಕ್ಕಿದೆ. ಅಂದರೆ ಅಷ್ಟು ಹೊತ್ತಿಗೇ ಕೆಳಗೊಂದು ಬಯಲು, ಮೇಲೊಂದು ಗೋಡೆ ಇತ್ತು. ಮೂಡಿಗೆರೆಯಲ್ಲಿ ಹುಟ್ಟಿದ ಹೇಮಾವತಿ ಕೂಗಳತೆಯ ಅರಬ್ಬಿ ಸಮುದ್ರಕ್ಕೆ ಬೆನ್ನು ಹಾಕಿ ಕಾವೇರಿಯ ಕಡೆ ಹೋಗುವುದು ಪೂರ್ವಕ್ಕೆ ವಾಲಿದ ಈ ಹಳೆಯ ನೆಲದಿಂದಲೇ.

ಹಾಸನದ ಡೈಕುಗಳಿಗೆ ಈಗ ಬೇಕಿರುವುದು ಬ್ಯಾಡಲಿಯೈಟ್ ಅಳತೆ, ಮತ್ತು ಅದೇ ಚೂರಿನ ಫೆಲ್ಡ್‌ಸ್ಪಾರಿನ ಆರ್ಗಾನ್ ಅಳತೆ. ಎರಡೂ ಒಂದೇ ಕಲ್ಲಿನಿಂದ ಬಂದರೆ ಮಾತ್ರ ಯಾವುದು ಸೋರಿದೆ ಎಂದು ಗೊತ್ತಾಗುವುದು. ಅದಕ್ಕೆ ಬೇಕಾದ ದಪ್ಪ ಡೈಕಿನ ತಾಜಾ ನಡುಭಾಗವನ್ನು ಎಲ್ಲರಿಗಿಂತ ಮೊದಲು ಮುಟ್ಟುವುದು ಕ್ವಾರಿಯ ತಂತಿಗರಗಸ. ಬಿರುಕಿಲ್ಲದ ಚೌಕ ಸಿಗುವುದು ಅಲ್ಲೇ. ಚೌಕಗಳು ಲಾರಿ ಹತ್ತಿ ಹೋಗುತ್ತವೆ, ಮೂಲೆ ಮುರಿದ ಚೂರುಗಳು ಪಕ್ಕದ ರಾಶಿಗೆ ಬಿದ್ದು ಒಂದು ದಿನ ಕ್ರಷರಿನಲ್ಲಿ ಜಲ್ಲಿಯಾಗುತ್ತವೆ. ಆ ರಾಶಿಯಿಂದ ಎರಡು ಕಿಲೊ ತೂಕದ ಒಂದು ಚೂರು ಸಾಕು. ಅದರ ಮೇಲೆ ಮಾರ್ಕರಿನಲ್ಲಿ ಬರೆದಿರಬೇಕಾದದ್ದು ಇಷ್ಟು: ಮೊಬೈಲಿನ ಜಿಪಿಎಸ್ ತೋರಿಸಿದ ಅಕ್ಷಾಂಶ–ರೇಖಾಂಶ, ಡೈಕಿನ ದಿಕ್ಕು ಮತ್ತು ಅಗಲ, ಹತ್ತಿರದ ಅಂಚಿನಿಂದ ಎಷ್ಟು ಮೀಟರ್ ಒಳಗಿನದು.